ಮುಚ್ಚಳ ತೆರೆಯುವ ಮುನ್ನ

ಮನುಷ್ಯನಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಮನೆಯಲ್ಲಿ ನಾಲ್ಕು ಜನ ಇರುತ್ತಾರೆ. ಕಷಾಯ ಕಾಯಿಸುವವರೊಬ್ಬರು, ಕಂಬಳಿ ಹೊದಿಸುವವರೊಬ್ಬರು, ಡಾಕ್ಟರರ ಬಳಿಗೆ ಹೋಗೆಂದು ಗದರಿಸುವವರು ಮತ್ತೊಬ್ಬರು. ಆದರೆ ಮನೆಯ ಮುಂದೆ ನಿಂತಿರುವ ಕಾರಿಗೆ ಜ್ವರ ಬಂದರೆ ಕೇಳುವವರಾರು? ಅದಕ್ಕೆ ನಾಲಗೆಯಿಲ್ಲ. ಇರುವುದು ಎದುರಿನ ಫಲಕದಲ್ಲಿ ಒಂದು ಪುಟ್ಟ ಮುಳ್ಳು ಮಾತ್ರ. ಹಳಗನ್ನಡ ಕಾವ್ಯದ ಒಂದೊಂದು ಪದಕ್ಕೂ ಎರಡೆರಡು ಅರ್ಥ ಹುಡುಕಿ ವಿದ್ಯಾರ್ಥಿಗಳ ಮುಂದಿಡುವುದು ನನ್ನ ಉದ್ಯೋಗ. ಅಂತಹ ನಾನು ಈ ಮುಳ್ಳಿನ ಮಾತನ್ನು ಎಷ್ಟು ತಪ್ಪಾಗಿ ಓದಿದೆನೆಂಬುದನ್ನು ಈ ವಾರ ವಾಚಕರ ಮುಂದೆ ಒಪ್ಪಿಕೊಂಡುಬಿಡುತ್ತೇನೆ. ನಗುವವರು ನಗಲಿ, ಕಾರು ಇಟ್ಟುಕೊಂಡವರು ನಕ್ಕ ಮೇಲೆ ಒಮ್ಮೆ ಬಾನೆಟ್ ಎತ್ತಿ ನೋಡಲಿ.

ಕಳೆದ ಏಪ್ರಿಲ್ ತಿಂಗಳ ಮಾತು. ನನ್ನ ತಾಯಿಯವರ ಎಡಗಣ್ಣಿನ ಪೊರೆ ತೆಗೆಸಿ, ಕರಾವಳಿಯ ಆಸ್ಪತ್ರೆಯೊಂದರಿಂದ ಅವರನ್ನು ಕರೆದುಕೊಂಡು ತೀರ್ಥಹಳ್ಳಿಯ ಮನೆಗೆ ಹಿಂದಿರುಗುತ್ತಿದ್ದೆವು. ಹಿಂದಿನ ಆಸನದಲ್ಲಿ ಕಪ್ಪು ಕನ್ನಡಕ ಧರಿಸಿದ ತಾಯಿ, ಅವರಿಗೆ ಒರಗಿಕೊಂಡು ಆರು ವರ್ಷದ ನನ್ನ ಮಗಳು. ಮುಂದೆ ನನ್ನಾಕೆ, ಅವಳ ಮಡಿಲಲ್ಲಿ ಕಣ್ಣಿಗೆ ಹಾಕುವ ಹನಿಗಳ ಚೀಲ. ಧೂಳು ತಾಗಬಾರದು, ಬಿಸಿಲು ತಾಗಬಾರದು, ಹೊತ್ತಿಗೆ ಸರಿಯಾಗಿ ಹನಿ ಹಾಕಬೇಕು ಎಂದು ಡಾಕ್ಟರರು ಹೇಳಿದ್ದುದರಿಂದ ಗಾಜುಗಳನ್ನೆಲ್ಲ ಏರಿಸಿ, ತಂಪು ಯಂತ್ರವನ್ನು ಹಾಕಿಕೊಂಡು ಹೊರಟಿದ್ದೆವು. ಹೆಬ್ರಿ ದಾಟಿ ಸೋಮೇಶ್ವರ ಮುಟ್ಟುವಾಗ ಮಧ್ಯಾಹ್ನ ಮೂರೂವರೆ. ಅಲ್ಲಿಂದ ಮುಂದೆ ಆಗುಂಬೆಯ ಘಾಟಿ. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಸುತ್ತಿ ಸುತ್ತಿ ರಸ್ತೆಯು ಸಮುದ್ರಮಟ್ಟಕ್ಕಿಂತ ಸುಮಾರು ೬೪೦ ಮೀಟರ್ ಎತ್ತರದ ಆಗುಂಬೆಯನ್ನು ಮುಟ್ಟುತ್ತದೆ. ಖಾಲಿ ಕಾರಿಗೇ ಉಸಿರು ಕಟ್ಟುವ ಏರು. ನಮ್ಮದೋ ಹದಿನೈದು ವರ್ಷ ದುಡಿದ ಹಳೆಯ ಗಾಡಿ, ಅದರಲ್ಲಿ ನಾಲ್ಕು ಜನ, ಮೇಲೆ ಏಪ್ರಿಲ್ ತಿಂಗಳ ಬಿಸಿಲು.

ಏಳನೆಯ ತಿರುವಿನಲ್ಲಿ ಮುಳ್ಳು ನಡುಮನೆ ಬಿಟ್ಟು ಮೇಲೇರತೊಡಗಿತು. ಒಂಬತ್ತನೆಯದರಲ್ಲಿ ಕೆಂಪುಗೆರೆಯನ್ನು ಮುಟ್ಟಿತು. “ನೋಡಿ, ಅದೇನೋ ಕೆಂಪಿಗೆ ಬಂದಿದೆ” ಎಂದಳು ನನ್ನಾಕೆ. ಮುಂದೆ ನಿಲ್ಲಿಸಲು ಜಾಗ ಸಿಕ್ಕೀತೆಂದು ನಾನು ಇನ್ನೊಂದು ತಿರುವು ಏರಿದೆ. ಅಷ್ಟರಲ್ಲಿ ಆಶ್ಚರ್ಯವೊಂದು ನಡೆಯಿತು. ಮುಳ್ಳು ಒಮ್ಮೆಗೇ ಇಳಿದು ತಳಕ್ಕೆ ಹೋಗಿ ಕುಳಿತಿತು. “ನೋಡಿದೆಯಾ, ತಾನಾಗಿಯೇ ಸರಿಹೋಯಿತು!” ಎಂದು ನಾನು ಗೆದ್ದವನಂತೆ ನುಡಿದೆ. ಹನ್ನೊಂದನೆಯ ತಿರುವಿನಲ್ಲಿ ಬಾನೆಟ್ಟಿನ ಅಂಚಿನಿಂದ ಬಿಳಿಯ ಹಬೆ ಬುಸುಗುಟ್ಟುತ್ತ ಹೊರಟು ಎದುರಿನ ಗಾಜನ್ನೇ ಮುಚ್ಚಿಬಿಟ್ಟಿತು.

ಗಾಡಿಯನ್ನು ಬದಿಗೆ ಒತ್ತಿ ನಿಲ್ಲಿಸಿ ಇಳಿದೆ. ಬಾನೆಟ್ ಎತ್ತಿದೆ. ಒಳಗೆ ಸಣ್ಣ ಗದ್ದಲದ ಸದ್ದು, ಒಂದು ಬಗೆಯ ಸಿಹಿಗಂಪು. ನೀರು ಕಡಿಮೆಯಾಗಿರಬೇಕು, ಹಾಕಿದರೆ ತಣಿಯುತ್ತದೆ ಎಂಬುದು ನನಗೆ ತೋಚಿದ ಏಕಮಾತ್ರ ತರ್ಕ. ಕೈಗೆ ವಸ್ತ್ರವನ್ನು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಟ್ಟೆ. ಮಗಳು ಯಾವಾಗ ಇಳಿದು ಬಂದಳೋ ತಿಳಿಯದು. “ಅಪ್ಪ, ಕಾರಿಗೆ ಜ್ವರ ಬಂತಾ?” ಎಂದು ಕೇಳುತ್ತ, ಕಾರಿನ ಮೂತಿಗೆ ಗಲ್ಲವೂರಿ ನಿಂತಿದ್ದಳು. ಅವಳ ಮುಖ ಆ ಮುಚ್ಚಳದ ಎತ್ತರಕ್ಕೇ ಇತ್ತು.

“ಹೋಯ್! ಮುಚ್ಚಳ ತೆಗೀಬೇಡಿ ಮಾರಾಯ್ರೆ! ಮಗುವನ್ನು ಆಚೆ ಎಳಕೊಳ್ಳಿ ಮೊದಲು!”

ಮೇಲೇರಿ ಬರುತ್ತಿದ್ದ ಮಿನಿ ಬಸ್ಸಿನ ಚಾಲಕರು ಗಾಡಿ ನಿಲ್ಲಿಸಿ, ಬಾಗಿಲಿಂದ ಧುಮುಕಿಯೇ ಓಡಿಬಂದರು. ನನ್ನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದರು. ಮತ್ತೆ ಏನನ್ನೂ ಹೇಳದೆ ತಮ್ಮ ಖಾಕಿ ಅಂಗಿಯ ತೋಳನ್ನು ಮೊಣಕೈವರೆಗೆ ಏರಿಸಿ ತೋರಿಸಿದರು. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮವು ಒಣಗಿದ ಅಡಕೆ ಹಾಳೆಯಂತೆ ಮುರುಟಿತ್ತು. “ಇಪ್ಪತ್ತು ವರ್ಷ ಆಯ್ತು. ನಾನು ಆಗ ಕ್ಲೀನರು. ಹೀಗೇ ಒಂದು ಮುಚ್ಚಳ” ಎಂದರು.

ಕಾರಿನೊಳಗಿಂದ ನನ್ನ ತಾಯಿಯ ದನಿ ಕೇಳಿಬಂತು. ಕಣ್ಣಿಗೆ ಕಾಣದಿದ್ದರೂ ಕಿವಿಗೆ ಎಲ್ಲವೂ ಬಿದ್ದಿತ್ತು. “ಅಲ್ಲ ಮಗಾ, ಕುಕ್ಕರಿನ ಹಬೆ ಇಳಿಯುವ ಮುಂಚೆ ಮುಚ್ಚಳ ತೆಗೆಯುತ್ತಾರೇನೋ?”

ಈ ಒಂದು ವಾಕ್ಯದಲ್ಲಿ ಇಡೀ ಶಾಸ್ತ್ರವಡಗಿತ್ತು. ನಮ್ಮ ಅಡುಗೆಮನೆಗಳಲ್ಲಿ ಓದುಬರೆಹ ಬಲ್ಲವರೂ ಬಾರದವರೂ ದಿನಕ್ಕೆರಡು ಬಾರಿ ಪಾಲಿಸುವ ನಿಯಮವನ್ನು ನಾನು ರಸ್ತೆಯ ಮೇಲೆ ಮರೆತಿದ್ದೆ. ತೆರೆದ ಪಾತ್ರೆಯಲ್ಲಿ ನೀರು ೧೦೦ ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದೆಂದು ಶಾಲೆಯಲ್ಲಿ ಕಲಿತಿದ್ದೇವಷ್ಟೆ. ಒತ್ತಡ ಹೆಚ್ಚಿದರೆ ಕುದಿಯುವ ಬಿಂದುವೂ ಮೇಲೇರುತ್ತದೆ. ರೇಡಿಯೇಟರಿನ ಮುಚ್ಚಳವೆಂದರೆ ಬರಿಯ ಮುಚ್ಚಳವಲ್ಲ. ಒಳಗೆ ಸ್ಪ್ರಿಂಗು, ರಬ್ಬರಿನ ಬಿಲ್ಲೆಗಳುಳ್ಳ ಒಂದು ಕವಾಟ. ಅದು ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚುಕಡಿಮೆ ಇನ್ನೊಂದು ಪಟ್ಟು ಮೇಲಿಟ್ಟಿರುತ್ತದೆ. ಆಗ ನೀರು ಸುಮಾರು ೧೨೦ ಡಿಗ್ರಿಯವರೆಗೆ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಬಿದ್ದುಹೋಗುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ನೀರು ಆ ಕ್ಷಣದಲ್ಲೇ ಉಕ್ಕಿ ಹಬೆಯಾಗುತ್ತದೆ. ಹಬೆಯಾದ ನೀರು ಮೊದಲಿದ್ದುದಕ್ಕಿಂತ ಸುಮಾರು ೧೬೦೦ ಪಟ್ಟು ಜಾಗ ಬೇಡುತ್ತದೆ. ಅದು ಜಾಗವನ್ನು ಹುಡುಕಿಕೊಳ್ಳುವುದು ಮುಚ್ಚಳ ತೆರೆದವನ ಕೈಮೇಲೆ, ಮುಖದ ಮೇಲೆ. ಅಂದು ನನ್ನ ಮಗಳ ಮುಖದ ಮೇಲೆ.

ಬಸ್ಸಿನಲ್ಲಿ ಪ್ರಯಾಣಿಕರು ಕಾದಿದ್ದರು. ಚಾಲಕರಿಗೆ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಆ ಐದು ನಿಮಿಷಗಳಲ್ಲಿ ಅವರು ಮಾಡಿದ ಕೆಲಸಗಳನ್ನು ಎಣಿಸಿದರೆ ಬೆರಗಾಗುತ್ತದೆ. ರಸ್ತೆಯ ಬದಿಯಿಂದ ಒಂದು ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟರು. “ಹೋಗುವಾಗ ಈ ಕಲ್ಲು ತೆಗೆದು ಚರಂಡಿಗೆ ಹಾಕಿ, ರಸ್ತೆಯಲ್ಲಿ ಬಿಟ್ಟುಹೋಗಬೇಡಿ” ಎಂದು ಹೇಳಲು ಮರೆಯಲಿಲ್ಲ. ತಾಯಿಯವರನ್ನು ಕೈಹಿಡಿದು ಬಸ್ಸಿಗೆ ಹತ್ತಿಸಿ ಕಿಟಕಿಯಿಂದ ದೂರದ ಸೀಟು ಕೊಡಿಸಿದರು. ನನ್ನಾಕೆ, ಮಗಳು, ಹನಿಗಳ ಚೀಲ ಎಲ್ಲವೂ ಬಸ್ಸೇರಿದವು. ನನ್ನ ಬಳಿ ಎರಡು ದೊಡ್ಡ ಬಾಟಲಿ ನೀರನ್ನಿಟ್ಟು, “ಮುಕ್ಕಾಲು ಗಂಟೆ ಮುಟ್ಟಬೇಡಿ. ಆಮೇಲೆ ಮೇಲಿನ ರಬ್ಬರ್ ಪೈಪನ್ನು ಬಟ್ಟೆ ಹಿಡಿದು ಹಿಸುಕಿ ನೋಡಿ. ಗಟ್ಟಿ ಇದ್ದರೆ ಒಳಗೆ ಹಬೆ ಉಂಟು ಅಂತ ಲೆಕ್ಕ. ಮೆತ್ತಗಾಗಿದ್ದರೆ ಮುಚ್ಚಳ ಅರ್ಧ ಸುತ್ತು ತಿರುಗಿಸಿ, ಉಸ್ ಅನ್ನುವುದು ನಿಂತ ಮೇಲೆ ತೆಗೆಯಿರಿ. ನೀರನ್ನು ಒಮ್ಮೆಗೇ ಸುರಿಯಬೇಡಿ, ಸ್ವಲ್ಪ ಸ್ವಲ್ಪ” ಎಂದರು. ಹೆಸರು ಕೇಳುವ ಮುಂಚೆ ಬಸ್ಸು ತಿರುವಿನಲ್ಲಿ ಮರೆಯಾಯಿತು.

ಮುಕ್ಕಾಲು ಗಂಟೆ! ಕೆಳಗೆ ಕಾಡು, ಮೇಲೆ ಕಾಡು, ತಡೆಗೋಡೆಯ ಮೇಲೆ ಸಾಲಾಗಿ ಕುಳಿತು ನನ್ನನ್ನೇ ನೋಡುವ ಮಂಗಗಳು. ತಣಿಯುತ್ತಿರುವ ಲೋಹ ಆಗಾಗ ‘ಟಿಕ್’ ಎನ್ನುತ್ತಿತ್ತು. ಆಗ ನನ್ನ ನೆನಪಿಗೆ ಬಂದವಳು ಬರ್ತಾ ಬೆಂಜ್ ಎಂಬ ಜರ್ಮನಿಯ ಗೃಹಿಣಿ. ಮೋಟಾರು ಕಾರನ್ನು ಕಟ್ಟಿದ ಕಾರ್ಲ್ ಬೆಂಜನ ಪತ್ನಿ. ೧೮೮೮ರ ಆಗಸ್ಟ್ ತಿಂಗಳಲ್ಲಿ ಆಕೆ ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೊರಟಳು. ದಾರಿ ಸುಮಾರು ನೂರು ಕಿಲೋಮೀಟರು. ಇಂಧನ ಮುಗಿದಾಗ ವೀಸ್‌ಲಾಕ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ನಾಳ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಏರು ಬಂದಾಗ ಇಳಿದು ತಳ್ಳಿಸಿದಳು. ಆ ಗಾಡಿಗೆ ಇಂದಿನಂತಹ ರೇಡಿಯೇಟರು ಇರಲಿಲ್ಲ. ಎಂಜಿನ್ನಿನ ಸುತ್ತ ನೀರು ಕುದಿದು ಆವಿಯಾಗಿ ಹೋಗುವುದೇ ತಣಿಸುವ ಉಪಾಯ. ಆದಕಾರಣ ದಾರಿಯುದ್ದಕ್ಕೂ ಸಿಕ್ಕಲ್ಲೆಲ್ಲ ನೀರು ತುಂಬಿಸುತ್ತಲೇ ಹೋಗಬೇಕಾಯಿತು. ಮೋಟಾರು ಕಾರಿನ ಮೊದಲ ದೂರಪ್ರಯಾಣವೆಂದು ಹೆಸರಾದ ಆ ಪಯಣದ ಬಹುಪಾಲು ಚಿಂತೆ ನೀರಿನದೇ ಆಗಿತ್ತೆಂದರೆ ತಪ್ಪಾಗದು.

ಎಂಜಿನ್ನಿಗೆ ಇಷ್ಟು ದಾಹವೇಕೆ? ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದುದು ಕಾವಾಗಿ ಎಂಜಿನ್ನಿನ ಮೈಗೇ ಅಂಟಿಕೊಳ್ಳುತ್ತದೆ. ಸಿಲಿಂಡರಿನೊಳಗೆ ಇಂಧನ ಉರಿಯುವಾಗ ಜ್ವಾಲೆಯ ಉಷ್ಣತೆ ೨೦೦೦ ಡಿಗ್ರಿಯನ್ನು ಮೀರುವುದುಂಟು. ಎಂಜಿನ್ನಿನ ತಲೆಯನ್ನು ಎರಕ ಹೊಯ್ಯುವ ಅಲ್ಯೂಮಿನಿಯಮ್ಮಾದರೋ ೬೬೦ ಡಿಗ್ರಿಗೆ ಕರಗುವ ಲೋಹ. ಅದು ಕರಗದಂತೆ ಕಾಯುವುದು ಸಿಲಿಂಡರುಗಳ ಸುತ್ತಲಿನ ಪೊಳ್ಳಿನಲ್ಲಿ ಹರಿಯುವ ನಾಲ್ಕಾರು ಲೀಟರು ದ್ರವ. ಒಂದು ಪಂಪು ಅದನ್ನು ತಳ್ಳುತ್ತದೆ. ಕಾವನ್ನು ಹೊತ್ತು ಬಂದ ದ್ರವ ಮೇಲಿನ ಪೈಪಿನಿಂದ ರೇಡಿಯೇಟರಿಗೆ ಇಳಿದು, ತೆಳ್ಳನೆಯ ನಾಳಗಳಲ್ಲಿ ಹರಿದು, ಗಾಳಿಗೆ ಕಾವನ್ನು ಒಪ್ಪಿಸಿ, ಕೆಳಗಿನ ಪೈಪಿನಿಂದ ಮತ್ತೆ ಎಂಜಿನ್ನಿಗೆ ಮರಳುತ್ತದೆ. ಹೀಗೆ ನಾಳಗಳನ್ನು ಜೇನುಗೂಡಿನಂತೆ ಒತ್ತಾಗಿ ಜೋಡಿಸುವ ಉಪಾಯವನ್ನು ವಿಲ್‌ಹೆಲ್ಮ್ ಮೇಬಾಕ್ ಎಂಬ ಎಂಜಿನಿಯರು ೧೯೦೦ರ ಸುಮಾರಿಗೆ ಕಂಡುಹಿಡಿದ. ಅವನ ರೇಡಿಯೇಟರಿನಲ್ಲಿ ಸುಮಾರು ೮೦೦೦ ಪುಟ್ಟ ನಾಳಗಳಿದ್ದವು. ಬರ್ತಾ ಬೆಂಜಳ ಕಾಲದ ದಾಹ ಅಲ್ಲಿಗೆ ತಣಿಯಿತು.

ಈ ಹಾದಿಯಲ್ಲಿ ಒಬ್ಬ ಬಾಗಿಲು ಕಾಯುವವನೂ ಉಂಟು, ಅವನೇ ಥರ್ಮೋಸ್ಟ್ಯಾಟು. ಅದರ ಹೊಟ್ಟೆಯಲ್ಲಿ ಮೇಣವಿರುತ್ತದೆ. ಎಂಜಿನ್ನು ತಣ್ಣಗಿರುವವರೆಗೆ ಅವನು ರೇಡಿಯೇಟರಿನ ಬಾಗಿಲು ಮುಚ್ಚಿರುತ್ತಾನೆ. ಕಾವು ೮೦, ೯೦ ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ನಮ್ಮ ದೇಶದ ಸೆಕೆಗೆ ಇದು ಬೇಡವೆಂದು ಕಿತ್ತೆಸೆಯುವ ಪದ್ಧತಿ ಅನೇಕ ಕಡೆ ಉಂಟು. ಅದು ತಪ್ಪು. ತಕ್ಕಷ್ಟು ಬಿಸಿಯಾಗದ ಎಂಜಿನ್ನು ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಬೇಗ ಸವೆಯುತ್ತದೆ. ಎಂಜಿನ್ನಿಗೆ ಬೇಕಾದುದು ತಂಪಲ್ಲ, ಹದ.

ಐದು ಗಂಟೆಯ ಸುಮಾರಿಗೆ ಪೈಪು ಮೆತ್ತಗಾಗಿತ್ತು. ಹೇಳಿದಂತೆಯೇ ಮಾಡಿದೆ. ಎರಡು ಬಾಟಲಿಗಳೂ ರೇಡಿಯೇಟರಿನ ಹೊಟ್ಟೆಗೆ ಇಳಿದವು; ಇನ್ನೂ ಬೇಕೆನ್ನುವಂತಿತ್ತು. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಶೀಸೆ ಕಂಠಮಟ್ಟ ತುಂಬಿ ನಿಂತಿದ್ದುದನ್ನು ಕಂಡು ನನಗೆ ವಿಸ್ಮಯವಾಯಿತು. ಅದರ ನೀರನ್ನೂ ಬಗ್ಗಿಸಿದೆ. ಚಕ್ರದ ಕಲ್ಲನ್ನು ಚರಂಡಿಗೆ ಹಾಕಿ, ತಂಪು ಯಂತ್ರವನ್ನು ನಿಲ್ಲಿಸಿ, ಕಿಟಕಿಗಳನ್ನು ತೆರೆದು, ಬಿಸಿಗಾಳಿಯ ಹೀಟರನ್ನು ಪೂರ್ತಿ ತಿರುಗಿಸಿ ಹೊರಟೆ. ಹೀಟರೆಂಬುದು ಕಾರಿನೊಳಗಿನ ಇನ್ನೊಂದು ಸಣ್ಣ ರೇಡಿಯೇಟರು; ಎಂಜಿನ್ನಿನ ಕಾವಿನಲ್ಲಿ ಅಷ್ಟಿಷ್ಟನ್ನು ಅದು ನಮ್ಮ ಕಾಲಬುಡಕ್ಕೆ ತಂದು ಸುರಿಯುತ್ತದೆ. ಬೆವರು ಸುರಿಸುತ್ತ, ಮುಳ್ಳಿನಿಂದ ಕಣ್ಣು ಕೀಳದೆ, ಒಂದೊಂದು ತಿರುವಿಗೂ ನಿಂತು ನಿಂತು ಉಳಿದ ಮೂರನ್ನು ಏರಿದೆ. ಸೂರ್ಯಾಸ್ತ ನೋಡಲು ಜನ ನೆರೆದಿದ್ದರು. ನನಗೆ ಸೂರ್ಯನನ್ನು ನೋಡುವ ಮನಸ್ಸಿರಲಿಲ್ಲ. ಆಗುಂಬೆಯಲ್ಲಿ ಮತ್ತಷ್ಟು ನೀರು ತುಂಬಿಸಿಕೊಂಡು, ರಾತ್ರಿಯ ಹೊತ್ತಿಗೆ ಮನೆ ಮುಟ್ಟಿದಾಗ ತಾಯಿಯವರಿಗೆ ಹನಿ ಹಾಕಿ ಆಗಿತ್ತು, ಮಗಳು ನಿದ್ದೆಹೋಗಿದ್ದಳು.

ಮರುದಿನ ಮೆಕ್ಯಾನಿಕ್ಕರ ಬಳಿಗೆ ಹೋದೆ. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಯಾವುದೇ ಸ್ಪ್ಯಾನರು ಹಿಡಿಯುವ ಮುಂಚೆ ಅವರು ವೈದ್ಯರಂತೆ ಮೂರು ಪ್ರಶ್ನೆ ಕೇಳಿದರು. ಈ ಮೂರನ್ನು ಪ್ರತಿಯೊಬ್ಬ ಕಾರಿನ ಒಡೆಯನೂ ನೆನಪಿಡಬೇಕು.

“ನಿಂತಾಗ ಬಿಸಿಯಾಗುತ್ತದೋ, ಓಡುವಾಗಲೋ?” ಇದು ಮೊದಲನೆಯದು. ಊರೊಳಗಿನ ಗದ್ದಲದಲ್ಲಿ ಕಾದು, ತೆರೆದ ರಸ್ತೆಗೆ ಬಂದೊಡನೆ ತಣಿಯುವುದಾದರೆ ದೋಷ ಫ್ಯಾನಿನದು. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಫ್ಯಾನೇ ಗತಿ. ಅದರ ಮೋಟಾರು, ಫ್ಯೂಸು, ರಿಲೇ, ಕಾವನ್ನು ಅರಿತು ಅದನ್ನು ಓಡಿಸುವ ಸ್ವಿಚ್ಚು, ಇವುಗಳಲ್ಲೊಂದು ಕೆಟ್ಟಿರಬೇಕು. ಹಾಗಲ್ಲದೆ ವೇಗದಲ್ಲಿಯೋ ಏರಿನಲ್ಲಿಯೋ ಕಾಯುವುದಾದರೆ ದೋಷ ಹರಿವಿನದು. ರೇಡಿಯೇಟರಿನ ನಾಳಗಳು ಒಳಗೆ ತುಕ್ಕಿನಿಂದ ಕಟ್ಟಿರಬಹುದು, ಹೊರಗೆ ಹುಳುಹುಪ್ಪಟೆ ಕೆಸರುಗಳಿಂದ ಮುಚ್ಚಿರಬಹುದು. ಪಂಪಿನ ರೆಕ್ಕೆ ಸವೆದಿರಬಹುದು. ಪಂಪನ್ನು ತಿರುಗಿಸುವ ಬೆಲ್ಟು ಜಾರುತ್ತಿರಬಹುದು. ಕೆಳಗಿನ ಹಳೆಯ ಪೈಪು ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತಿರಬಹುದು.

“ಹೊರಟ ಎಷ್ಟು ಹೊತ್ತಿಗೆ?” ಇದು ಎರಡನೆಯದು. ಐದು, ಹತ್ತು ನಿಮಿಷಗಳಲ್ಲಿಯೇ ಮುಳ್ಳು ಕೆಂಪಿಗೆ ಹೋದರೆ, ನೀರೂ ಸಾಕಷ್ಟಿದ್ದರೆ, ಬಾಗಿಲು ಕಾಯುವವನು ಮುಚ್ಚಿದ ಬಾಗಿಲಲ್ಲೇ ನಿದ್ದೆಹೋಗಿದ್ದಾನೆಂದು ತಿಳಿಯಬೇಕು. ಮೇಲಿನ ಪೈಪು ಸುಡುತ್ತಿದ್ದು, ಕೆಳಗಿನದು ತಣ್ಣಗೇ ಇದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಥರ್ಮೋಸ್ಟ್ಯಾಟನ್ನು ಬಿಚ್ಚಿ ನೀರಿನ ಪಾತ್ರೆಯಲ್ಲಿ ಹಾಕಿ ಒಲೆಯ ಮೇಲೆ ಕಾಯಿಸಿದರೆ, ಅದು ತೆರೆಯುವುದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

“ನೀರು ಕಡಿಮೆಯಾಗುತ್ತಿದೆಯೋ? ಆದರೆ ಎಲ್ಲಿಗೆ ಹೋಗುತ್ತಿದೆ?” ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಹೊರಗೆ ಹೋಗುವುದಾದರೆ ಎಲ್ಲಿಯೋ ಕಲೆಯಿರಬೇಕು: ಪೈಪುಗಳ ಕೀಲಿನಲ್ಲಿ, ರೇಡಿಯೇಟರಿನ ಅಂಚಿನಲ್ಲಿ, ಪಂಪಿನ ಕೆಳಗೆ; ಹೀಟರು ಸೋರುತ್ತಿದ್ದರೆ ಕಾಲಡಿಯ ಹಾಸು ಒದ್ದೆಯಾಗಿರುತ್ತದೆ. ಹೊರಗೆಲ್ಲಿಯೂ ಕಲೆಯಿಲ್ಲದೆ ನೀರು ಮಾಯವಾಗುತ್ತಿದ್ದರೆ ಅದು ಎಂಜಿನ್ನಿನೊಳಗೇ ಹೋಗುತ್ತಿರಬಹುದು. ಸಿಲಿಂಡರಿಗೂ ಅದರ ತಲೆಗೂ ನಡುವೆ ಇರುವ ಗ್ಯಾಸ್ಕೆಟ್ಟು ಹರಿದರೆ ಹೀಗಾಗುವುದುಂಟು. ಹಿಂದಿನ ಕೊಳವೆಯಿಂದ ಸಿಹಿವಾಸನೆಯ ಬಿಳಿಯ ಹೊಗೆ, ಆಯಿಲು ಹಾಕುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಜಿಡ್ಡು, ರೇಡಿಯೇಟರಿನಲ್ಲಿ ಎಡೆಬಿಡದೆ ಏಳುವ ಗುಳ್ಳೆಗಳು, ಇವು ಅದರ ಗುರುತುಗಳು. ಇಂತಹ ಗಾಡಿಯನ್ನು ಓಡಿಸುವುದು ಮೈಯಲ್ಲಿ ವಿಷವೇರಿದವನನ್ನು ನಡೆಸಿದಂತೆ.

ನಾನು ಮೂರನೆಯ ಪ್ರಶ್ನೆಗೆ ಉತ್ತರ ಕೊಡಲು ತೊಡಗಿದಂತೆ ನನ್ನ ದನಿ ಸಣ್ಣದಾಗುತ್ತ ಹೋಯಿತು. ಸಂಕ್ರಾಂತಿಯ ಹೊತ್ತಿನಲ್ಲಿ ನನ್ನಾಕೆ ಒಂದು ಬೆಳಿಗ್ಗೆ ನನ್ನನ್ನು ಕರೆದು, “ನೋಡಿ, ರಂಗೋಲಿ ಹಾಕುವ ಜಾಗದಲ್ಲಿ ದಿನಾ ಹಸುರು ಹನಿ ಬಿದ್ದಿರುತ್ತದೆ. ಕಾರಿನಿಂದಲೇ ಇರಬೇಕು” ಎಂದಿದ್ದಳು. ಶೀಸೆ ನೋಡಿದರೆ ದ್ರವ ಇಳಿದಿತ್ತು. ನಲ್ಲಿಯ ನೀರು ತುಂಬಿಸಿದೆ. ವಾರಕ್ಕೊಮ್ಮೆ ಹೀಗೇ ತುಂಬಿಸುತ್ತ ಬಂದೆ. ಒಂದೂವರೆ ತಿಂಗಳಲ್ಲಿ ಹಸುರು ಕಲೆ ಕಾಣದಾಯಿತು. ಮತ್ತೆ ಕೆಲವು ದಿನಗಳಲ್ಲಿ ಶೀಸೆಯ ಮಟ್ಟ ಇಳಿಯುವುದೂ ನಿಂತಿತು. “ಕಲೆಯೂ ಇಲ್ಲ, ನೀರೂ ಇಳಿಯುವುದಿಲ್ಲ. ವಾಸಿಯಾಯಿತು” ಎಂದು ನಾನು ಘೋಷಿಸಿದೆ. ಅವಳು “ಹಾಗಾದರೆ ಸರಿ” ಎಂದು ಸುಮ್ಮನಾದಳು. ಅವಳಿಗೆ ಅದು ಸರಿಯೆನಿಸಿರಲಿಲ್ಲವೆಂಬುದು ಈಗ ತಿಳಿಯುತ್ತದೆ.

ಮೆಕ್ಯಾನಿಕ್ಕರು ಎಲ್ಲವನ್ನೂ ಕೇಳಿ ಪಂಪಿನ ಕೆಳಭಾಗಕ್ಕೆ ಬೆರಳು ತೋರಿಸಿದರು. ಅಲ್ಲೊಂದು ಸಣ್ಣ ರಂಧ್ರ. ಪಂಪಿನೊಳಗಿನ ಸೀಲು ಸವೆದಾಗ ನೀರು ಅದರ ಮೂಲಕ ತೊಟ್ಟಿಕ್ಕಲೆಂದೇ ಮಾಡಿಟ್ಟ ರಂಧ್ರ. ಹಸುರು ಹನಿ ಬೀಳುತ್ತಿದ್ದುದು ಅಲ್ಲಿಂದ. ಹಸುರು ಹೋದದ್ದು ಸೋರಿಕೆ ನಿಂತದ್ದರಿಂದಲ್ಲ. ಒಳಗಿನ ಕೂಲೆಂಟೆಲ್ಲ ಸೋರಿ ಹೋಗಿ ನಾನು ಹಾಕಿದ ಬಣ್ಣವಿಲ್ಲದ ನೀರೇ ಉಳಿದದ್ದರಿಂದ! ಶೀಸೆಯ ಮಟ್ಟ ನಿಂತದ್ದೇಕೆ? ಎಂಜಿನ್ನು ಕಾದಾಗ ದ್ರವ ಹಿಗ್ಗಿ, ಮುಚ್ಚಳದ ಕವಾಟವನ್ನೆತ್ತಿ ಶೀಸೆಗೆ ಹೋಗುತ್ತದೆ; ತಣಿದಾಗ ಕುಗ್ಗಿ, ಕವಾಟದ ಮೂಲಕವೇ ಶೀಸೆಯ ನೀರನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ನನ್ನ ಮುಚ್ಚಳದ ರಬ್ಬರು ಬಿರುಕುಬಿಟ್ಟು, ಹೀರುವ ಕವಾಟ ತುಕ್ಕಿನಿಂದ ಅಂಟಿಕೊಂಡಿತ್ತು. ಸೋರುವ ಕಡೆಯಿಂದ ರೇಡಿಯೇಟರು ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಶೀಸೆ ತುಂಬಿತ್ತು, ಹೊಟ್ಟೆ ಬರಿದಾಗುತ್ತಿತ್ತು.

“ಮತ್ತೆ ಆ ಮುಳ್ಳು? ಕೆಂಪಿಗೆ ಹೋದದ್ದು ಥಟ್ಟನೆ ಇಳಿಯಿತಲ್ಲ?” ಎಂದೆ, ಕೊನೆಯ ಹುಲ್ಲುಕಡ್ಡಿಯನ್ನು ಹಿಡಿದವನಂತೆ. ಅವರು ನಕ್ಕರು. “ಮುಳ್ಳು ತೋರಿಸುವುದು ನೀರಿನ ಕಾವು ಸ್ವಾಮಿ. ನೀರೇ ಕೆಳಗಿಳಿದು ಹೋದರೆ ಅದು ಯಾವುದರ ಕಾವು ತೋರಿಸೀತು?”

ಮೂರು ಬಾರಿ ರೋಗದ ಲಕ್ಷಣವನ್ನು ನಾನು ಆರೋಗ್ಯವೆಂದು ಓದಿದ್ದೆ. ಕಲೆ ಮಾಯವಾದದ್ದು, ಶೀಸೆ ತುಂಬಿದ್ದದ್ದು, ಮುಳ್ಳು ಇಳಿದದ್ದು. ಪಂಪು, ಬೆಲ್ಟು, ಮುಚ್ಚಳ, ಪೈಪುಗಳು ಹೊಸದಾದವು. ರೇಡಿಯೇಟರನ್ನು ಬಿಚ್ಚಿ ತೊಳೆದಾಗ ಇಳಿದುಬಂದ ನೀರು ಕೆಮ್ಮಣ್ಣಿನ ಹೊಳೆಯಂತಿತ್ತು. ಹೆಡ್ಡು ಬಾಗಿರಲಿಲ್ಲ, ಗ್ಯಾಸ್ಕೆಟ್ಟು ಉಳಿದಿತ್ತು. ಹಬೆ ಕಂಡೊಡನೆ ನಿಲ್ಲಿಸಿದ್ದು, ಕಾದ ಎಂಜಿನ್ನಿಗೆ ತಣ್ಣೀರು ಸುರಿಯದೆ ಇದ್ದುದು ಅದನ್ನು ಉಳಿಸಿತೆಂದು ಅವರು ಹೇಳಿದರು. ಕಾದ ಕಾವಲಿಯ ಮೇಲೆ ನೀರು ಚೆಲ್ಲಿದರೆ ಏನಾಗುವುದೆಂದು ಬಲ್ಲೆವು. ಕಾದ ಲೋಹದ ತಲೆಯ ಮೇಲೆ ತಣ್ಣೀರು ಬಿದ್ದರೆ ಅದು ಬಾಗುತ್ತದೆ, ಇಲ್ಲವೆ ಬಿರಿಯುತ್ತದೆ. ಆ ಶ್ರೇಯಸ್ಸು ನನ್ನದಲ್ಲ, ಬಸ್ಸಿನ ಚಾಲಕರದು.

ಕೂಲೆಂಟಿನ ಬಗ್ಗೆ ಎರಡು ಮಾತು. “ನಮ್ಮೂರಿನಲ್ಲಿ ಹಿಮ ಬೀಳುತ್ತದೆಯೇ, ಅದೇಕೆ?” ಎನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ. ಅದು ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಅದರೊಳಗಿನ ಇತರ ದ್ರವ್ಯಗಳು ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತವೆ. ಬಯಲುಸೀಮೆಯ ಕೊಳವೆ ಬಾವಿಯ ನೀರು ಕಾಯಿಸಿದ ಹಂಡೆಯೊಳಗೆ ಬಿಳಿಯ ಚಕ್ಕೆ ಕಟ್ಟುವುದನ್ನು ಯಾರು ನೋಡಿಲ್ಲ? ಅದೇ ಚಕ್ಕೆ ರೇಡಿಯೇಟರಿನ ನಾಳಗಳಲ್ಲೂ ಕಟ್ಟುತ್ತದೆ. ಆದುದರಿಂದ ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ, ಅದರಲ್ಲಿ ಹೇಳಿದ ಪ್ರಮಾಣದಲ್ಲಿ, ಖನಿಜ ತೆಗೆದ ಶುದ್ಧ ನೀರಿನೊಡನೆ ಬೆರೆಸಿ ಹಾಕಬೇಕು. ಬಣ್ಣ ಒಂದೇ ಎಂದು ಬೇರೆ ಬೇರೆ ಬಗೆಯವನ್ನು ಬೆರೆಸಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನೆಲದ ಮೇಲೆ ಬಿದ್ದುದನ್ನು ನಾಯಿ ನೆಕ್ಕೀತು, ಮಗು ಬೆರಳದ್ದೀತು. ನಮ್ಮ ಅಂಗಳದಲ್ಲಿ ಅಷ್ಟು ದಿನ ಬಿದ್ದಿದ್ದ ಹಸುರು ಹನಿಯನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ವಾಚಕ ಮಿತ್ರರು ನಾಳೆ ಬೆಳಿಗ್ಗೆ, ಎಂಜಿನ್ನು ರಾತ್ರಿಯೆಲ್ಲ ತಣ್ಣಗಾಗಿರುವಾಗ, ಎರಡು ನಿಮಿಷ ವ್ಯಯಿಸಿ ಮೂರು ಕೆಲಸ ಮಾಡಲಿ. ಕಾರಿನಡಿಯ ನೆಲವನ್ನು ನೋಡಲಿ. ಶೀಸೆಯನ್ನಷ್ಟೇ ಅಲ್ಲ, ಮುಚ್ಚಳವಿರುವ ರೇಡಿಯೇಟರಾದರೆ ಅದರೊಳಗನ್ನೂ ನೋಡಲಿ. ಮುಚ್ಚಳದ ರಬ್ಬರನ್ನು ಉಗುರಿನಿಂದ ಒತ್ತಿ, ಬಿರುಕಿದೆಯೇ ಎಂದು ಪರೀಕ್ಷಿಸಲಿ. ಘಾಟಿಯ ದಾರಿ ಹಿಡಿಯುವ ಮುಂಚೆಯಂತೂ ತಪ್ಪದೆ ಮಾಡಲಿ.

ಕಾರು ಮನೆಗೆ ಬಂದ ಮರುದಿನ ನಸುಕಿನಲ್ಲಿ ನಾನೇ ಎದ್ದು ಅಂಗಳಕ್ಕೆ ಹೋದೆ. ನನ್ನಾಕೆ ಆಗಲೇ ನೀರು ಚಿಮುಕಿಸಿ ಗುಡಿಸಿ, ಕಾರಿನ ಮೂತಿಯ ಕೆಳಗೆ ಬಗ್ಗಿ ನೆಲವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. “ಏನಿದೆ?” ಎಂದು ಕೇಳಿದೆ.

“ಏನೂ ಇಲ್ಲ. ಆದರೆ ನಾಳೆಯೂ ನೋಡುತ್ತೇನೆ” ಎಂದಳು.